ಸಿನಿಮಾದಿಂದ ಹುಟ್ಟಿ ಸಿನಿಮಾ ಆದ ‘ಸಂಸ್ಕಾರ’

ಕಾದಂಬರಿ ಬೆಳ್ಳಿತೆರೆಗೆ ಬರುವುದು ಕನ್ನಡದಲ್ಲಿ ಹೊಸತೇನಲ್ಲ. ಆದರೆ ಒಂದು ಸಿನಿಮಾದ ಪ್ರೇರಣೆಯಿಂದ ಹುಟ್ಟಿ, ಐದೇ ವರ್ಷಗಳಲ್ಲಿ ತಾನೇ ಸಿನಿಮಾ ಆದ ಕೃತಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅವರು ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಅಡಿಬರಹದ ನೆರವಿಲ್ಲದೆ, ಅಂದರೆ ಪಾತ್ರಗಳ ಮಾತು ತಿಳಿಯದೆಯೇ, ನೋಡಿದ್ದರು. ಪ್ಲೇಗಿನಿಂದ ತತ್ತರಿಸಿದ ಮಧ್ಯಯುಗದ ಯುರೋಪು ಆ ಚಿತ್ರದ ವಸ್ತು. ಯುರೋಪಿನ ಲೇಖಕ ಗ್ರಂಥಗಳನ್ನೋದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗವು ಭಾರತೀಯ ಲೇಖಕನ ಬದುಕಿನಲ್ಲೇ ಇನ್ನೂ ಉಸಿರಾಡುತ್ತಿದೆ ಎಂಬ ವಿಚಾರ, ಅಲ್ಲಿನ ಅಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ನಡೆದ ಮಾತಿನಲ್ಲಿ ಬಂದು, ತೀರ್ಥಹಳ್ಳಿ ಸೀಮೆಯ ಅಗ್ರಹಾರಗಳನ್ನು ಬಾಲ್ಯದಿಂದ ಬಲ್ಲ ಅನಂತಮೂರ್ತಿಯವರನ್ನು ಬರವಣಿಗೆಗೆ ಹಚ್ಚಿತು. ಕಾದಂಬರಿ 1965ರಲ್ಲಿ ಪ್ರಕಟವಾಯಿತು.

ಪ್ರೇರಣೆಯನ್ನು ಅನುಕರಣೆಯೆಂದು ತಿಳಿಯಬಾರದು. ಪ್ಲೇಗು ಎರಡು ಕೃತಿಗಳಲ್ಲೂ ಇದೆ. ಆದರೆ ಬರ್ಗ್‌ಮನ್‌ರ ಯೋಧ ಸಾವಿನೊಡನೆ ಚದುರಂಗವಾಡುತ್ತ ದೇವರ ಮೌನವನ್ನು ಕೆದಕಿದರೆ, ‘ಸಂಸ್ಕಾರ’ದಲ್ಲಿ ದೂರ್ವಾಸಪುರ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಇರುವುದು ಆಚಾರಗೆಟ್ಟು ಸತ್ತ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರೆಂಬ, ಧರ್ಮಶಾಸ್ತ್ರದ ತಾಳೆಗರಿಗಳಲ್ಲಿ ಉತ್ತರ ಸಿಗದ ಪ್ರಶ್ನೆ.

ಈ ಕಾದಂಬರಿಯನ್ನು 1970ರಲ್ಲಿ ತೆರೆಗೆ ತಂದವರು ನೆಲ್ಲೂರು ಮೂಲದ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರು. ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ನಾರಣಪ್ಪನ ಸಂಗಾತಿ ಚಂದ್ರಿಯಾದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು.

ಚಿತ್ರಕಥೆಯೆಂದರೆ ಕಾದಂಬರಿಯ ಸಂಕ್ಷೇಪವಲ್ಲ. ಓದಿ ತಿಳಿಯುವುದನ್ನು ಕಂಡು ಕೇಳಿ ತಿಳಿಯುವಂತೆ ದೃಶ್ಯಗಳಾಗಿ ಮತ್ತೆ ಕಟ್ಟುವ ಬರಹ. ಕಾದಂಬರಿಯ ಕೆಲವು ಭಾಗಗಳು ಇದಕ್ಕೆ ತಾವಾಗಿಯೇ ಒದಗುತ್ತವೆ. ನಾರಣಪ್ಪನ ಶವಸಂಸ್ಕಾರದ ಖರ್ಚಿಗೆಂದು ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದಿಡುವ ಸನ್ನಿವೇಶದಲ್ಲಿ, ಅದುವರೆಗೆ ಸಂಸ್ಕಾರದ ಹೊಣೆ ತಮಗೆ ಬೇಡವೆನ್ನುತ್ತಿದ್ದ ಬ್ರಾಹ್ಮಣರ ಮನಸ್ಸು ಒಡವೆ ಕಂಡೊಡನೆ ಆಸೆಗೆ ಬೀಳುವುದನ್ನು ಹೇಳಲು ಮುಖಗಳೇ ಸಾಕು, ಮಾತು ಬೇಕಿಲ್ಲ. ಆದರೆ ಚಂದ್ರಿಯ ಸಂಗದ ನಂತರ, ಹೆಂಡತಿಯೂ ತೀರಿಕೊಂಡ ಮೇಲೆ, ಊರು ಬಿಟ್ಟು ನಡೆಯುವ ಆಚಾರ್ಯರ ಅಲೆದಾಟದಲ್ಲಿ ಹೊರಗಿನ ಘಟನೆಗಿಂತ ಒಳಗಿನ ತೊಳಲಾಟವೇ ಹೆಚ್ಚು. ಅಲ್ಲಿ ನಿರೂಪಕನ ಮಾತು ಅರಿವಿಗೆ ಬಾರದಂತೆ ಪಾತ್ರದ ಯೋಚನೆಯಾಗಿ ಮಾರ್ಪಡುತ್ತದೆ. ಕ್ಯಾಮೆರಾ ನಡೆಯುವವನನ್ನು ತೋರಿಸಬಲ್ಲದು. ನಡೆಯುತ್ತ ಅವನು ತನ್ನೊಡನೆ ಹೂಡಿದ ವಾದವನ್ನು ಅಷ್ಟು ಸುಲಭವಾಗಿ ತೋರಿಸಲಾರದು. ಹಾಗಾಗಿ ಅಗ್ರಹಾರದ ಚಿತ್ರಣದಲ್ಲಿ ಸಿನಿಮಾ ಕಾದಂಬರಿಗೆ ಸರಿಸಾಟಿಯಾಗಿ ನಿಂತರೂ ಆಚಾರ್ಯರ ಅಂತರಂಗದ ವಿಷಯದಲ್ಲಿ ಕಾದಂಬರಿಯದೇ ಮೇಲುಗೈ.

ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ಈ ಚಿತ್ರ, ಬಿಡುಗಡೆಯ ಅನುಮತಿ ಪಡೆದ ಮೇಲೆ, 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ಚಿತ್ರವನ್ನಷ್ಟೇ ನೋಡಿದವರು ಕಾದಂಬರಿಯ ಉತ್ತರಾರ್ಧವನ್ನಾದರೂ ತಪ್ಪದೆ ಓದಬೇಕು.