ನವರಂಗವೂ ಉಣ್ಣಿಯೂ

ಚಳಿಗಾಲ ಬಂತೆಂದರೆ ನಮ್ಮೂರಿಗೆ ದೂರದ ಹಕ್ಕಿಗಳು ಬರುತ್ತವೆ. ಕಾಪುವಿನ ಕಡಲತಡಿಗೆ ಗಲ್ ಹಕ್ಕಿಗಳ ಹಿಂಡು, ಮಣಿಪಾಲದ ಮಣ್ಣಪಳ್ಳಕ್ಕೆ ಬಾಲ ಕುಣಿಸುವ ಸಿಪಿಲೆ, ಕಾರ್ಕಳದ ಕಾಡಂಚಿಗೆ ಹಿಮಾಲಯದ ತಪ್ಪಲಿನ ನವರಂಗ. ಬೆಳಗ್ಗೆ ನಡೆಯಿರೆಂದರೆ ತಲೆಯಾಡಿಸಿ ಮರೆಯುವವರೂ ಕ್ಯಾಮರಾ ಹೆಗಲಿಗೇರಿದರೆ ನಾಲ್ಕು ಮೈಲಿ ನಡೆದಾರು! ಒಳ್ಳೆಯದೇ.

ಆದರೆ ನವರಂಗ ನೆಲದ ಮೇಲೆ ಕುಪ್ಪಳಿಸುತ್ತ, ತರಗೆಲೆ ಕೆದಕಿ ಹುಳ ಹೆಕ್ಕುವ ಹಕ್ಕಿ. ಒಳ್ಳೆಯ ಫೋಟೋ ಬೇಕೆಂದರೆ ನೀವೂ ಅದೇ ತರಗೆಲೆಯ ಮೇಲೆ ಬೋರಲು ಮಲಗುತ್ತೀರಿ. ಉಣ್ಣಿಯ ವಾಸವೂ ಅಲ್ಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಸೋಂಕು ತಗಲಿದ ಉಣ್ಣಿ ಕಚ್ಚಿದಾಗ. ಅದರ ಕಾಲವೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಎಲ್ಲ ಉಣ್ಣಿಯಲ್ಲೂ ವೈರಸ್ ಇರುವುದಿಲ್ಲ, ಗಾಬರಿ ಬೇಡ. ಕಡಲತೀರಕ್ಕೆ ಹೋಗುವವರಿಗೆ ಈ ಚಿಂತೆಯಿಲ್ಲ. ಘಟ್ಟದ ಬುಡದ ಕಾಡು ಹೊಗುವವರು ಎಚ್ಚರವಾಗಿರಬೇಕು.

ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಿಸಿನೀರು, ಸಾಬೂನಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿ. ಮರಿ ಉಣ್ಣಿ ಸಾಸಿವೆಗಿಂತ ಸಣ್ಣದು! ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿ ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿನಿಂದ ಬಂದ ವಾರ, ಹತ್ತು ದಿನದೊಳಗೆ ಹಠಾತ್ತನೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಕಾಣಿಸಿದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿದೆ. ಅಂದೇ ವೈದ್ಯರನ್ನು ಕಂಡು, ಯಾವ ದಿನ ಯಾವ ಕಾಡಿಗೆ ಹೋಗಿದ್ದಿರೆಂದು ಅವರು ಕೇಳುವ ಮೊದಲೇ ಹೇಳಿ.