ಕೇಳುವವರ ಸಂಕೋಚ, ಹೇಳುವವರ ಬಿಡುವು

ಮಗನೋ ಮಗಳೋ ಕಾಲೇಜಿಗೆ ಸೇರಿದ ದಿನ ಗೃಹಸ್ಥರಿಗೆ ಆಗುವ ಸಂತೋಷವು ಅಷ್ಟಿಷ್ಟಲ್ಲ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಬರುವುದುಂಟು. ಮುಂದೆ ಯಾವ ವಿಷಯವನ್ನು ಆರಿಸಿಕೊಳ್ಳಬೇಕು? ಪದವಿಯಾದ ಮೇಲೆ ಇನ್ನೂ ಓದುವುದು ಮೇಲೋ, ಕೆಲಸಕ್ಕೆ ಸೇರುವುದು ಮೇಲೋ? ಇಂತಹ ಕೆಲಸದಲ್ಲಿ ದಿನವೆಲ್ಲ ಮಾಡಬೇಕಾದುದೇನು? ಹಿಂದಿನ ತಲೆಮಾರಿನಲ್ಲಿ ಪದವೀಧರರಿದ್ದ ಮನೆಗಳಲ್ಲಿ ಈ ಪ್ರಶ್ನೆಗಳಿಗೆ ಊಟಕ್ಕೆ ಕುಳಿತಲ್ಲಿಯೇ ಉತ್ತರ ದೊರೆಯುತ್ತದೆ. ವಂಶದಲ್ಲಿ ಮೊಟ್ಟಮೊದಲಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಿಗೆ ಆ ಅನುಕೂಲವಿಲ್ಲ. ಅವರ ತಾಯಿತಂದೆಗಳಿಗೆ ಪ್ರೀತಿಗೆ ಕೊರತೆಯಿಲ್ಲ; ದಾರಿಯ ಪರಿಚಯವೊಂದೇ ಇಲ್ಲ.

ಅದೇ ಕಾಲೇಜಿನಲ್ಲಿ ಓದಿ ಹೊರಬಿದ್ದು, ವೈದ್ಯರೋ ಉಪಾಧ್ಯಾಯರೋ ಎಂಜಿನಿಯರೋ ವರ್ತಕರೋ ಆಗಿ ನೆಲೆಸಿದ ಹಿರಿಯರು ಸಾವಿರಾರು ಮಂದಿ ಇರುತ್ತಾರೆ. ಅವರನ್ನೂ ಈಗ ಓದುತ್ತಿರುವವರನ್ನೂ ಅಂತರ್ಜಾಲದ ಮೂಲಕ ಸೇರಿಸುವ ವೇದಿಕೆಗಳನ್ನು ಅನೇಕ ವಿಶ್ವವಿದ್ಯಾನಿಲಯಗಳು ಕಟ್ಟುತ್ತಿವೆ. ಯೋಚನೆ ಬಹು ಒಳ್ಳೆಯದು. ಆದರೆ ಹೆಸರುಗಳ ಪಟ್ಟಿಯೊಂದನ್ನು ಪ್ರಕಟಿಸಿದ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯುವುದು ತಪ್ಪು. ಅದು ಹೇಗೆಂಬುದಕ್ಕೆ ನಮ್ಮೆಲ್ಲರಿಗೂ ಪೂಜ್ಯರಾದವರ ಜೀವನದಲ್ಲಿಯೇ ಒಂದು ನಿದರ್ಶನವುಂಟು.

ಮಹಾತ್ಮಾ ಗಾಂಧಿಯವರು 1888ರಲ್ಲಿ ನ್ಯಾಯಶಾಸ್ತ್ರವನ್ನು ಓದಲು ಲಂಡನ್ನಿಗೆ ಹೊರಟಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅವರ ಬಳಿ ನಾಲ್ಕು ಪರಿಚಯಪತ್ರಗಳಿದ್ದುವು. ಅವುಗಳಲ್ಲಿ ಒಂದು ಡಾಕ್ಟರ್ ಪ್ರಾಣಜೀವನ ಮೆಹತಾ ಅವರಿಗೆ, ಇನ್ನೊಂದು ದಾದಾಭಾಯಿ ನವರೋಜಿಯವರಿಗೆ. ಮೆಹತಾ ಅವರು ಮೊದಲ ದಿನವೇ ಗಾಂಧಿಯವರು ಇಳಿದಿದ್ದ ಹೋಟೆಲಿಗೆ ತಾವಾಗಿ ಬಂದರು. ಹುಡುಗನು ಅವರ ರೇಷ್ಮೆಯ ಟೋಪಿಯ ಮೇಲೆ ಕುತೂಹಲದಿಂದ ಕೈಯಾಡಿಸಿ ಅದರ ನವಿರನ್ನು ಕೆದರಿಬಿಟ್ಟುದನ್ನು ಕಂಡು, ಪರರ ವಸ್ತುಗಳನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು ಎಂದು ಆ ದೇಶದ ನಡೆನುಡಿಯನ್ನು ತಿಳಿಸಿಕೊಟ್ಟರು. ಹೋಟೆಲಿನ ವಾಸ ದುಬಾರಿಯೆಂದು ಎಚ್ಚರಿಸಿ, ಒಂದು ಸಂಸಾರದೊಡನೆ ಇರುವುದು ಲೇಸೆಂದರು. ಹೊಸದಾಗಿ ಬಂದವನಿಗೆ ಬೇಕಾದುದು ಇಂತಹ ಸಣ್ಣ ಸಣ್ಣ ವಿಷಯಗಳೇ.

ದಾದಾಭಾಯಿಯವರ ವಿಚಾರದಲ್ಲಿ ಹೀಗಾಗಲಿಲ್ಲ. ಅಷ್ಟು ದೊಡ್ಡವರಿಗೆ ತೊಂದರೆ ಕೊಡುವುದಕ್ಕೆ ತನಗೇನು ಅಧಿಕಾರವೆಂದು ಗಾಂಧಿಯವರು ಬಹುಕಾಲ ಪತ್ರವನ್ನು ಕೊಡದೆಯೇ ಇಟ್ಟುಕೊಂಡಿದ್ದರು. ಅವರ ಭಾಷಣಗಳಿಗೆ ಹೋಗಿ, ಸಭೆಯ ಮೂಲೆಯಲ್ಲಿ ಕುಳಿತು ಕೇಳಿ, ಕಣ್ತುಂಬ ನೋಡಿ ಹಿಂದಿರುಗುತ್ತಿದ್ದರು. ಕಡೆಗೊಮ್ಮೆ ಧೈರ್ಯ ಮಾಡಿ ಪತ್ರವನ್ನು ಕೊಟ್ಟಾಗ, ಸಲಹೆ ಬೇಕಾದರೆ ಯಾವಾಗ ಬೇಕಾದರೂ ಬರಬಹುದೆಂದು ದಾದಾಭಾಯಿಯವರು ಮನಸಾರೆ ಹೇಳಿದರು. ಆದರೂ ಗಾಂಧಿಯವರು ಹೋಗಲಿಲ್ಲ. ಅತ್ಯವಶ್ಯವಿಲ್ಲದೆ ಅವರ ಹೊತ್ತನ್ನು ಕಳೆಯುವುದು ಸರಿಯಲ್ಲವೆಂದು ಸುಮ್ಮನಾದರು.

ವ್ಯಾಸಂಗ ಮುಗಿಯುವ ಹೊತ್ತಿಗೆ, ವಕೀಲಿ ವೃತ್ತಿಯಿಂದ ಜೀವನ ಸಾಗುವುದೋ ಇಲ್ಲವೋ ಎಂಬ ಭಯ ಅವರನ್ನು ಕಾಡತೊಡಗಿತು. ಆಗ ಸ್ನೇಹಿತರೊಬ್ಬರು ಫ್ರೆಡರಿಕ್ ಪಿಂಕಾಟ್ ಎಂಬುವರನ್ನು ಕಾಣಲು ಸೂಚಿಸಿದರು. ಭಾರತದ ವಿದ್ಯಾರ್ಥಿಗಳು ಅನೇಕರು ಅವರಲ್ಲಿಗೆ ಸಲಹೆಗಾಗಿ ಹೋಗುತ್ತಿದ್ದರು. ಗಾಂಧಿಯವರು ಭೇಟಿಗೆ ಸಮಯವನ್ನು ಕೇಳಿ ಬರೆದರು, ಸಮಯ ಗೊತ್ತಾಯಿತು, ಹೋದರು. ಸಾಧಾರಣ ವಕೀಲನಾಗುವುದಕ್ಕೆ ಅಸಾಧಾರಣ ಬುದ್ಧಿ ಬೇಕಾಗಿಲ್ಲ, ಪ್ರಾಮಾಣಿಕತೆಯೂ ದುಡಿಮೆಯೂ ಸಾಕು ಎಂದು ಪಿಂಕಾಟರು ಧೈರ್ಯ ಹೇಳಿ, ಓದು ಸಾಲದೆಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಓದಬೇಕಾದ ಪುಸ್ತಕಗಳನ್ನು ಹೆಸರಿಸಿದರು. ಆ ಒಂದು ಭೇಟಿಯನ್ನು ತಾವು ಮರೆಯಲಾರೆವೆಂದು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇದರಲ್ಲಿ ನಾವು ಗಮನಿಸಬೇಕಾದುದು ಇಷ್ಟು: ‘ಯಾವಾಗ ಬೇಕಾದರೂ ಬಾ’ ಎಂಬ ಆಹ್ವಾನವು ಎಷ್ಟೇ ಪ್ರೀತಿಯಿಂದ ಬಂದರೂ ಸಂಕೋಚಗಾರನಿಗೆ ಅದು ಬಾಗಿಲಾಗುವುದಿಲ್ಲ. ‘ಇಂಥ ದಿನ, ಇಂಥ ಹೊತ್ತಿಗೆ, ಇಂಥ ವಿಷಯವಾಗಿ’ ಎಂದು ಗೊತ್ತಾದರೆ ಅಂಜುಬುರುಕನೂ ಹೋಗಬಲ್ಲನು. ವೇದಿಕೆಯನ್ನು ಕಟ್ಟುವವರು ಮಾಡಬೇಕಾದ ಮುಖ್ಯ ಕಾರ್ಯವು ಮೊದಲನೆಯ ಮಾತನ್ನು ಎರಡನೆಯದಾಗಿ ಮಾರ್ಪಡಿಸುವುದು.

ನಮ್ಮ ನಾಡಿನಲ್ಲಿ ಈ ಪದ್ಧತಿಯ ಬೇರುಗಳು ಇಲ್ಲದಿಲ್ಲ. ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಧಾರವಾಡಕ್ಕೋ ಓದಲು ಹೋದ ಹುಡುಗರು ಬಂಧುಗಳಿಂದ ಕಾಗದ ತೆಗೆದುಕೊಂಡು ಹೋಗುತ್ತಿದ್ದರು. ವಾರಾನ್ನದ ಮನೆಗಳಲ್ಲಿ ಉಣ್ಣುತ್ತ, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಇರುತ್ತ, ಅಲ್ಲಿಯ ಹಿರಿಯರಿಂದ ಊಟದೊಡನೆ ಬುದ್ಧಿಮಾತನ್ನೂ ಪಡೆಯುತ್ತಿದ್ದರು. ಆ ಉಪಕಾರವನ್ನು ನೆನೆಯದವರಿಲ್ಲ. ಆದರೆ ಆ ಕಾಗದಗಳು ಬಹುಮಟ್ಟಿಗೆ ತಮ್ಮ ಬಂಧುಬಳಗದೊಳಗೆ, ತಮ್ಮ ಜಾತಿಯೊಳಗೆ ಮಾತ್ರ ಓಡಾಡುತ್ತಿದ್ದುವು. ಕಾಗದ ಬರೆಯಬಲ್ಲ ಬಂಧುವಿಲ್ಲದವನು ಬೀದಿಯಲ್ಲಿಯೇ ನಿಲ್ಲಬೇಕಾಗಿತ್ತು. ವಿಶ್ವವಿದ್ಯಾನಿಲಯವಾದರೋ ಎಲ್ಲರಿಗೂ ಸೇರಿದ ಮನೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ನೂರು ವರ್ಷಗಳಿಗೂ ಮೀರಿ ಪದವೀಧರರನ್ನು ಹೊರತಂದಿದೆ. ಇಷ್ಟು ದೊಡ್ಡ ಬಳಗವು ಯಾವ ಗೃಹಸ್ಥನಿಗೆ ತಾನೆ ಇರಬಲ್ಲುದು?

ಹಳೆಯ ವಿದ್ಯಾರ್ಥಿಗಳ ಸಂಘಗಳೇನೋ ಹಳೆಯವೇ. ಅಮೆರಿಕದ ವಿಲಿಯಮ್ಸ್ ಕಾಲೇಜಿನ ಸಂಘವು 1821ರಲ್ಲಿಯೇ ಹುಟ್ಟಿತು. ಆದರೆ ವರ್ಷಕ್ಕೊಂದು ಕೂಟ, ಕಟ್ಟಡಕ್ಕೊಂದು ಚಂದಾ ಎಂಬಷ್ಟರಲ್ಲಿ ಅನೇಕ ಸಂಘಗಳ ಕೆಲಸ ಮುಗಿಯುವುದುಂಟು. ಹಣವನ್ನು ಕೊಡಲಾರದ ಹಳೆಯ ವಿದ್ಯಾರ್ಥಿಯೂ ಅನುಭವವನ್ನು ಕೊಡಬಲ್ಲನೆಂಬುದನ್ನು ನಾವು ಮರೆಯುತ್ತೇವೆ.

ದೂರದ ಪರಿಚಯದಿಂದ ಏನು ಪ್ರಯೋಜನ, ನಮ್ಮವರು ಸಾಲದೆ ಎಂದು ಕೆಲವರು ಕೇಳಬಹುದು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ಪರಿಚಿತರ ಮೂಲಕ ಕೆಲಸ ದೊರಕಿಸಿಕೊಂಡವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಆ ಪರಿಚಿತರನ್ನು ವಾರಕ್ಕೆರಡು ಸಲವಾದರೂ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ; ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ, ಇಲ್ಲವೆ ಅಪರೂಪಕ್ಕೆ ಕಾಣುತ್ತಿದ್ದವರು. ಕಾರಣವು ಸ್ಪಷ್ಟವಾಗಿದೆ: ನಮ್ಮ ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದೇ ಇರುತ್ತದೆ, ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಲಿಂಕ್ಡ್‌ಇನ್ ಎಂಬ ಜಾಲತಾಣದ 2 ಕೋಟಿ ಜನರನ್ನು ಕುರಿತು ನಡೆದ ಐದು ವರ್ಷಗಳ ಪ್ರಯೋಗಗಳ ಫಲವು 2022ರಲ್ಲಿ ಪ್ರಕಟವಾಯಿತು. ಹೊಸ ಕೆಲಸಕ್ಕೆ ಹೆಚ್ಚು ನೆರವಾಗುವುದು ತೀರ ಗಾಢವೂ ಅಲ್ಲದ, ತೀರ ತೆಳುವೂ ಅಲ್ಲದ ಪರಿಚಯವೆಂದು ಅದರಿಂದ ಕಂಡುಬಂದಿತು. ಒಂದೇ ಕಾಲೇಜಿನಲ್ಲಿ ಓದಿದವರ ಸಂಬಂಧವು ಇಂತಹುದಾಗಲು ತಕ್ಕುದಾಗಿದೆ.

ಹಾಗಾದರೆ ವೇದಿಕೆಯು ಹೇಗಿರಬೇಕು?

ಮೊದಲನೆಯದು, ಹಿರಿಯರ ಬಿಡುವಿನ ಲೆಕ್ಕ. ಹೆಸರು ಬರೆಯಿಸುವಾಗಲೇ, ತಿಂಗಳಿಗೆ ಎಷ್ಟು ಅರ್ಧಗಂಟೆಗಳನ್ನು ಕೊಡಬಲ್ಲೆ, ಎಷ್ಟು ಮಂದಿಗೆ, ಯಾವ ವಿಷಯದಲ್ಲಿ ಎಂಬುದನ್ನು ಅವರು ತಿಳಿಸಲಿ. ಅದಕ್ಕಿಂತ ಹೆಚ್ಚು ಕೋರಿಕೆಗಳು ಅವರಲ್ಲಿಗೆ ಹೋಗಕೂಡದು. ಹೆಸರಾಂತ ಒಬ್ಬರಿಗೆ ಇನ್ನೂರು ಕಾಗದಗಳು ಬಂದು ಬಿದ್ದರೆ ಅವರು ಒಂದಕ್ಕೂ ಉತ್ತರ ಬರೆಯಲಾರರು. ಉತ್ತರ ಬಾರದ ವಿದ್ಯಾರ್ಥಿಯು ಮತ್ತೆಂದೂ ಯಾರನ್ನೂ ಕೇಳಲಾರನು.

ಎರಡನೆಯದು, ಜೊತೆಗೂಡಿಸುವ ಕ್ರಮ. ಇದು ಕನ್ಯಾವರಾನ್ವೇಷಣೆಯಷ್ಟೇ ಸೂಕ್ಷ್ಮವಾದ ಕೆಲಸ. ಡೇವಿಡ್ ಗೇಲ್, ಲಾಯ್ಡ್ ಶಾಪ್ಲೆ ಎಂಬ ಗಣಿತಜ್ಞರಿಬ್ಬರು 1962ರಲ್ಲಿ ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಟ್ಟಿಗೆ ವಿಚಾರಿಸಿ ಇದಕ್ಕೊಂದು ಸರಳ ಉಪಾಯವನ್ನು ತೋರಿಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಬೇಕಾದ ಹಿರಿಯರ ಹೆಸರುಗಳನ್ನು ಕ್ರಮವಾಗಿ ಬರೆದುಕೊಡುತ್ತಾನೆ. ಎಲ್ಲರ ಕೋರಿಕೆಯೂ ಅವರವರ ಮೊದಲ ಹೆಸರಿಗೆ ಹೋಗುತ್ತದೆ. ಇಬ್ಬರಿಗೆ ಮಾತ್ರ ಬಿಡುವುಳ್ಳ ಹಿರಿಯರಿಗೆ ಐದು ಕೋರಿಕೆಗಳು ಬಂದರೆ, ತಮಗೆ ಹೆಚ್ಚು ಹೊಂದುವ ಎರಡನ್ನು ಸದ್ಯಕ್ಕೆ ಇಟ್ಟುಕೊಂಡು ಉಳಿದ ಮೂರನ್ನು ಬಿಡುತ್ತಾರೆ. ಆ ಮೂವರ ಕೋರಿಕೆ ಅವರ ಎರಡನೆಯ ಹೆಸರಿಗೆ ಹೋಗುತ್ತದೆ. ಅಲ್ಲಿ ಮೊದಲೇ ಇದ್ದವರಿಗಿಂತ ಹೊಸಬನು ಹೆಚ್ಚು ಹೊಂದಿದರೆ, ಇದ್ದವನು ಎಡೆ ಬಿಟ್ಟು ತನ್ನ ಮುಂದಿನ ಹೆಸರಿಗೆ ಹೋಗುತ್ತಾನೆ. ಹೀಗೆ ಕೋರಿಕೆಗಳು ತಾವಾಗಿ ನಿಲ್ಲುವವರೆಗೂ ನಡೆಯುತ್ತದೆ. ಕೊನೆಯಲ್ಲಿ, ತಮಗೆ ದೊರೆತ ಜೊತೆಯನ್ನು ಬಿಟ್ಟು ಒಬ್ಬರನ್ನೊಬ್ಬರು ಸೇರಬೇಕೆಂದು ಇಬ್ಬರೂ ಬಯಸುವ ಜೋಡಿ ಒಂದೂ ಉಳಿದಿರುವುದಿಲ್ಲ. ಗಣಕಯಂತ್ರವು ಇದನ್ನು ಕ್ಷಣದಲ್ಲಿ ಮಾಡಬಲ್ಲುದು. ನಿರಾಕರಣೆಯ ಕಹಿಯೂ ಮುಖಕ್ಕೆ ತಟ್ಟುವುದಿಲ್ಲ. ಈ ವಿಷಯದ ಕೆಲಸಕ್ಕಾಗಿ ಶಾಪ್ಲೆಯವರಿಗೂ ಆಲ್ವಿನ್ ರಾತ್ ಅವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪಾರಿತೋಷಕವು ದೊರೆಯಿತು.

ಮೂರನೆಯದು, ಮೊದಲ ಕಾಗದ. ಅಪರಿಚಿತ ಹಿರಿಯರಿಗೆ ಏನೆಂದು ಬರೆಯಬೇಕೆಂಬುದೇ ಕಿರಿಯರಿಗೆ ದೊಡ್ಡ ತೊಡಕು. ‘ನಾನು ಓದುತ್ತಿರುವುದು ಇದು, ನನಗೆ ತಿಳಿಯದಿರುವುದು ಇದು, ತಮ್ಮಿಂದ ಕೇಳಬೇಕಾದುದು ಇಷ್ಟು’ ಎಂಬ ಮೂರು ಸಾಲುಗಳ ಮಾದರಿಯನ್ನು ವೇದಿಕೆಯೇ ಮುಂದಿಟ್ಟರೆ ಅರ್ಧ ಸಂಕೋಚ ಹೋಗುತ್ತದೆ. ಕನ್ನಡದಲ್ಲಿ ಬರೆಯುವುದಕ್ಕೂ ಮಾತನಾಡುವುದಕ್ಕೂ ಅವಕಾಶವಿರಲೇಬೇಕು. ಇಂಗ್ಲಿಷಿನ ಭಯದಿಂದ ಬಾಯಿ ಮುಚ್ಚಿಕೊಂಡವರಿಗೇ ಈ ನೆರವು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು. ಸಾಧಾರಣ ಮೊಬೈಲಿನಲ್ಲಿಯೂ, ಹಳ್ಳಿಯ ಮಂದವಾದ ಸಂಪರ್ಕದಲ್ಲಿಯೂ ಅದು ನಡೆಯುವಂತಿರಬೇಕು.

ನಾಲ್ಕನೆಯದು, ಮಿತಿ. ನಾಲ್ಕು ಭೇಟಿಗಳೆಂದೋ ಒಂದು ವರ್ಷವೆಂದೋ ಅವಧಿಯು ಮೊದಲೇ ಗೊತ್ತಾಗಿರಲಿ. ಇಷ್ಟವಿದ್ದರೆ ಮುಂದುವರಿಸಲಿ, ಇಲ್ಲದಿದ್ದರೆ ನಮಸ್ಕಾರ ಹೇಳಿ ಬಿಡಲಿ. ಹಣದ ವ್ಯವಹಾರ ಕೂಡದು. ಕೆಲಸ ಕೊಡಿಸುವೆನೆಂಬ ಭರವಸೆಯೂ ಕೂಡದು. ದಾರಿ ತೋರಿಸುವುದಷ್ಟೇ ಹಿರಿಯರ ಹೊಣೆ, ನಡೆಯುವುದು ಕಿರಿಯರದು.

ಐದನೆಯದು, ಮರ್ಯಾದೆ ಮತ್ತು ರಕ್ಷಣೆ. ಹೆಣ್ಣುಮಕ್ಕಳ ತಾಯಿತಂದೆಗಳು ಮೊದಲು ವಿಚಾರಿಸುವುದು ಇದನ್ನೇ. ಅದು ನ್ಯಾಯವೂ ಹೌದು. ಹಿರಿಯರ ಪದವಿಯನ್ನು ವಿಶ್ವವಿದ್ಯಾನಿಲಯವು ತನ್ನ ದಫ್ತರದೊಡನೆ ತಾಳೆ ನೋಡಿ ಸೇರಿಸಿಕೊಳ್ಳಬೇಕು. ವಿದ್ಯಾರ್ಥಿಯ ಮೊಬೈಲ್ ಸಂಖ್ಯೆಯೂ ವಿಳಾಸವೂ ಯಾರಿಗೂ ಕಾಣದಂತೆ, ಮಾತುಕತೆಯೆಲ್ಲ ವೇದಿಕೆಯ ಮೂಲಕವೇ ನಡೆಯಬೇಕು. ದೂರು ಬಂದರೆ ಕೇಳುವುದಕ್ಕೆ ಹೆಸರು ಗೊತ್ತಿರುವ ಅಧಿಕಾರಿಯೊಬ್ಬರಿರಬೇಕು. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಒಪ್ಪಿಗೆಯನ್ನು ಕೇಳುವಾಗ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಬೇಕೆಂದೂ, ಆ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅನುಕೂಲವಿರಬೇಕೆಂದೂ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದೂ ವಿಧಿಸುತ್ತದೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು.

ಇಷ್ಟೆಲ್ಲ ಇದ್ದರೂ ಯಂತ್ರವೊಂದರಿಂದಲೇ ಕೆಲಸ ಸಾಗದು. ಭೇಟಿ ಆಯಿತೆ, ಆಗದಿದ್ದರೆ ಏಕೆ ಆಗಲಿಲ್ಲ ಎಂದು ವಿಚಾರಿಸುವ ಉಪಾಧ್ಯಾಯರೊಬ್ಬರು ಕಾಲೇಜಿನಲ್ಲಿರಬೇಕು. ಎಷ್ಟು ಸಾವಿರ ಹೆಸರುಗಳು ಸೇರಿದುವೆಂಬುದು ಹೆಮ್ಮೆಯ ಲೆಕ್ಕವಲ್ಲ. ಎಷ್ಟು ಮಂದಿ ಎರಡನೆಯ ಸಲ ಮಾತನಾಡಿದರೆಂಬುದೇ ನಿಜವಾದ ಲೆಕ್ಕ.

ಹಿರಿಯರೆಂದರೆ ತಲೆ ನರೆತವರೇ ಆಗಬೇಕೆಂದಿಲ್ಲ. ಎರಡು ವರ್ಷದ ಕೆಳಗೆ ಪದವಿ ಪಡೆದು ಜಿಲ್ಲೆಯ ಆಸ್ಪತ್ರೆಯಲ್ಲಿಯೋ ಬ್ಯಾಂಕಿನಲ್ಲಿಯೋ ಕೆಲಸಕ್ಕೆ ಸೇರಿದವರು, ಅದೇ ದಾರಿಯಲ್ಲಿ ಈಗತಾನೆ ನಡೆದು ಬಂದವರಾದುದರಿಂದ, ಕಲ್ಲುಮುಳ್ಳುಗಳು ಎಲ್ಲೆಲ್ಲಿವೆಯೆಂಬುದನ್ನು ಇನ್ನೂ ಮರೆತಿರುವುದಿಲ್ಲ. ಪಟ್ಟಿಯಲ್ಲಿ ದೊಡ್ಡ ಹುದ್ದೆಯವರ ಹೆಸರುಗಳಷ್ಟೇ ಮೆರೆದರೆ ಕಿರಿಯರ ಸಂಕೋಚ ಮತ್ತಷ್ಟು ಹೆಚ್ಚುತ್ತದೆ.

ಓದುವ ಗೃಹಸ್ಥರು ಈ ವಿಷಯದಲ್ಲಿ ಮಾಡಬಹುದಾದುದು ಎರಡು. ಮನೆಯಲ್ಲಿ ಪದವೀಧರರಿದ್ದರೆ, ತಾವು ಓದಿದ ಕಾಲೇಜಿಗೆ ಒಂದು ಕಾಗದ ಬರೆದು ತಿಂಗಳಿಗೊಂದು ಗಂಟೆಯನ್ನು ಕೊಡಲು ಮುಂದೆ ಬರಲಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ, ತಿಳಿಯದುದನ್ನು ಕೇಳುವುದು ಅವಮಾನವಲ್ಲವೆಂಬುದನ್ನು ಅವರಿಗೆ ಚಿಕ್ಕಂದಿನಿಂದಲೇ ಅಭ್ಯಾಸ ಮಾಡಿಸಲಿ. ಪಡೆದ ವಿದ್ಯೆಯ ಋಣವನ್ನು ಗುರುವಿಗೆ ಪೂರ್ಣವಾಗಿ ತೀರಿಸಿದವರು ಯಾರೂ ಇಲ್ಲ. ಹಿಂದೆ ಬರುತ್ತಿರುವವರ ಕೈಹಿಡಿದು ಅದನ್ನು ಕೊಂಚ ಕೊಂಚವಾಗಿ ತೀರಿಸಬಹುದು. ಇಂದು ಕೇಳಿ ಉತ್ತರ ಪಡೆದ ಹುಡುಗಿಯು ಹತ್ತು ವರ್ಷಗಳ ಮೇಲೆ ಮತ್ತೊಬ್ಬರಿಗೆ ಉತ್ತರ ಹೇಳುವವಳಾದರೆ, ಆ ವೇದಿಕೆಯು ಸಾರ್ಥಕವಾಯಿತೆಂದು ತಿಳಿಯಬಹುದು.