ಬಚ್ಚಲುಮನೆಯಲ್ಲಿ ಮೂಡುವ ಚಿತ್ರಗಳು

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ದಾಟಿ ಎರಡು ಅಡ್ಡರಸ್ತೆ ಒಳಗೆ ಹೋದರೆ ಹೆಂಚಿನ ಜಗಲಿಯ ಹಳೆಯ ಮನೆಯೊಂದಿದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಈ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತದೆ. ಬರುವವರೆಲ್ಲ ಹವ್ಯಾಸಿ ಛಾಯಾಗ್ರಾಹಕರು: ಒಬ್ಬರು ಶಾಲಾ ಶಿಕ್ಷಕಿ, ಒಬ್ಬರು ದಂತವೈದ್ಯರು, ಇಬ್ಬರು ಸಾಫ್ಟ್‌ವೇರ್ ಕಂಪನಿಯ ಹುಡುಗರು, ಒಬ್ಬ ಕಲಾ ವಿದ್ಯಾರ್ಥಿ. ಮನೆಯ ಯಜಮಾನರು ಬ್ಯಾಂಕ್ ನೌಕರಿಯಿಂದ ನಿವೃತ್ತರಾದವರು. ಎಲ್ಲರೂ ಫಿಲ್ಮಿನಲ್ಲೇ ಚಿತ್ರ ತೆಗೆಯುತ್ತಾರೆ, ರೀಲನ್ನು ತಮ್ಮ ಕೈಯಾರೆ ತೊಳೆಯುತ್ತಾರೆ, ಪ್ರಿಂಟನ್ನೂ ತಾವೇ ಹಾಕುತ್ತಾರೆ.

ನಡುಮನೆಯ ಊಟದ ಮೇಜೇ ಇವರ ಪ್ರದರ್ಶನದ ಜಾಗ. ಇಲ್ಲಿ ನಿಯಮ ಒಂದೇ: ತೋರಿಸುವ ಚಿತ್ರ ಕಾಗದದ ಮೇಲಿರಬೇಕು, ಬೆನ್ನ ಮೇಲೆ ಅದರ ಲೆಕ್ಕ ಬರೆದಿರಬೇಕು. ನಾನು ಕೈಗೆತ್ತಿಕೊಂಡ ಮೊದಲ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಹೀಗಿತ್ತು: ‘ಎಚ್‌ಪಿ5 ಪ್ಲಸ್, 400. ಡಿ-76, ಒಂದಕ್ಕೊಂದು ನೀರು. 24 ಡಿಗ್ರಿ, 8 ನಿಮಿಷ. ಎಫ್8, 12 ಸೆಕೆಂಡು.’ ಯಾವ ಫಿಲ್ಮು, ಯಾವ ಡೆವಲಪರ್, ಎಷ್ಟು ಶಾಖ, ಎಷ್ಟು ಹೊತ್ತು ಎಂಬುದೆಲ್ಲ ನಾಲ್ಕೇ ಸಾಲಿನಲ್ಲಿ ಅಡಕವಾಗಿದೆ. ಚಿತ್ರ ಮೆಚ್ಚಿದವರು ಅದನ್ನು ತಿರುಗಿಸಿ ನೋಡಿ ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಬಚ್ಚಿಡುವ ಗುಟ್ಟು ಇಲ್ಲಿ ಯಾರ ಬಳಿಯೂ ಇಲ್ಲ.

ಮೇಜಿನ ಪಕ್ಕದ ಕುರ್ಚಿಯಲ್ಲಿ ವಿದ್ಯಾರ್ಥಿ ಎರಡೂ ಕೈಗಳನ್ನು ಮೊಳಕೈವರೆಗೆ ಕಪ್ಪು ಚೀಲದೊಳಗೆ ತೂರಿಸಿ ಕೂತಿದ್ದ. ಇದಕ್ಕೆ ಚೇಂಜಿಂಗ್ ಬ್ಯಾಗ್ ಎನ್ನುತ್ತಾರೆ. ಎರಡು ಪದರದ ಬಟ್ಟೆ, ತೋಳಿಗೆ ಎಲಾಸ್ಟಿಕ್. ಇವರು ಬಳಸುವ ಕಪ್ಪು-ಬಿಳುಪು ಫಿಲ್ಮಿಗೆ ಎಲ್ಲ ಬಣ್ಣದ ಬೆಳಕೂ ತಾಗುತ್ತದೆ, ಕೆಂಪು ದೀಪವೂ ಆಗದು. ಹಾಗಾಗಿ ಈ ಕೆಲಸ ಪೂರ್ತಿ ಕತ್ತಲೆಯಲ್ಲೇ ನಡೆಯಬೇಕು. ಚೀಲದೊಳಗೆ ಅವನು ಬಾಟಲಿ ಓಪನರಿನಿಂದ ಡಬ್ಬಿಯ ಮುಚ್ಚಳ ಕಿತ್ತು, ಒಂದೂವರೆ ಮೀಟರಿಗೂ ಹೆಚ್ಚು ಉದ್ದದ ಫಿಲ್ಮನ್ನು ಹೊರಗೆಳೆದು, ಪ್ಲಾಸ್ಟಿಕ್ ಸ್ಪೈರಲ್‌ನ ತೋಡಿಗೆ ತುದಿ ಸಿಕ್ಕಿಸಬೇಕು. ಮೇಲೆ ನಿಂತು ನೋಡುವವರಿಗೆ ಕಾಣುವುದು ಚೀಲದ ಅಲುಗಾಟ ಮಾತ್ರ. ‘ಎಳೆದಾಡಬೇಡಪ್ಪ, ಒಂದು ಪಕ್ಕ ಹಿಂದೆ ಮುಂದೆ ತಿರುಗಿಸು, ಅದೇ ಒಳಗೆ ಹೋಗತ್ತೆ,’ ಎಂದರು ಯಜಮಾನರು. ಸ್ಪೈರಲ್ ಚೂರು ಒದ್ದೆಯಿದ್ದರೂ ಫಿಲ್ಮು ಅಂಟಿಕೊಂಡು ನಿಂತುಬಿಡುತ್ತದೆ. ಟಕಟಕ ಸದ್ದು ಲಯಕ್ಕೆ ಬಂದಾಗ ಹುಡುಗನ ಹಣೆಯ ಗಂಟು ಸಡಿಲಾಯಿತು. ಸ್ಪೈರಲ್ ಟ್ಯಾಂಕಿನೊಳಗೆ ಹೋಗಿ ಮುಚ್ಚಳ ಬಿತ್ತೆಂದರೆ ಮುಂದಿನದೆಲ್ಲ ಹಗಲಿನಲ್ಲೇ ಮಾಡಬಹುದು.

ಹಿತ್ತಲ ಕಡೆಯ ವರಾಂಡದಲ್ಲಿ ನೀರಿನ ತೊಟ್ಟಿಯ ಪಕ್ಕ ಕಲ್ಲಿನ ಕಟ್ಟೆಯಿದೆ. ಅಳತೆ ಜಾರು, ಕೊಳವೆ, ಕಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಅಡುಗೆಮನೆಯ ಪಾತ್ರೆ, ಚಮಚಗಳಿಗೆ ಇಲ್ಲಿ ಪ್ರವೇಶವಿಲ್ಲ, ಇಲ್ಲಿನ ಸಾಮಾನು ಅಡುಗೆಮನೆಗೆ ಮರಳುವುದೂ ಇಲ್ಲ. ಡೆವಲಪರಿನಲ್ಲಿರುವ ಮೆಟಾಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲವಾದ್ದರಿಂದ ಎಲ್ಲರ ಕೈಗೂ ಗ್ಲೌಸು.

ಡೆವಲಪರನ್ನು ಯಜಮಾನರು ತಾವೇ ತೂಗಿ ಬೆರೆಸುತ್ತಾರೆ. ಡಿ-76 ಕೊಡಾಕ್ ಕಂಪನಿಯಿಂದ 1927ರಲ್ಲಿ ಬಂದ ಸೂತ್ರ. ಅದನ್ನು ಯಾರು ಬೇಕಾದರೂ ಬಳಸಬಹುದು. ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರಾಕ್ಸ್, ಅಂದರೆ ಅಕ್ಕಸಾಲಿಗರ ಬಿಳಿಗಾರ. ಬೆರೆಸುವುದಕ್ಕೂ ಕ್ರಮವಿದೆ. ಬಿಸಿ ನೀರಿಗೆ ಮೊದಲು ಮೆಟಾಲ್ ಹಾಕಬೇಕು. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಬೆಳಕು ಬಿದ್ದ ಬೆಳ್ಳಿಯ ಲವಣದ ಕಣಗಳನ್ನು ಈ ದ್ರಾವಣ ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಕರಗಿಸಿ ತೆಗೆಯುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಹೈಪೋ ಕರಗಿಸುತ್ತದೆಂದು ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು. ಇಪ್ಪತ್ತು ವರ್ಷದ ಬಳಿಕ ಛಾಯಾಗ್ರಹಣ ಹುಟ್ಟಿದಾಗ ಚಿತ್ರವನ್ನು ಮಾಸದಂತೆ ನಿಲ್ಲಿಸಿದ್ದು ಅದೇ ತಿಳಿವಳಿಕೆ. ಈ ಮನೆಗೆ ಹೈಪೋ ಹರಳು ಬರುವುದು ಅಲಂಕಾರಿಕ ಮೀನಿನ ಅಂಗಡಿಯಿಂದ. ಮೀನಿನ ತೊಟ್ಟಿಯ ನೀರಿನ ಕ್ಲೋರಿನ್ ತೆಗೆಯಲು ಅವರು ಮಾರುವುದೂ ಇದೇ ಹರಳು.

ಇಂಗ್ಲೆಂಡಿನಲ್ಲಿ ತಯಾರಾಗುವ ಈ ಎಚ್‌ಪಿ5 ಫಿಲ್ಮಿಗೆ, ಸಮ ಪ್ರಮಾಣದ ನೀರು ಬೆರೆಸಿದ ಡಿ-76ರಲ್ಲಿ, 20 ಡಿಗ್ರಿ ಸೆಲ್ಸಿಯಸ್‌ಗೆ 11 ನಿಮಿಷ ಎಂದು ಪಟ್ಟಿ ಹೇಳುತ್ತದೆ. ಬೆಂಗಳೂರಿನ ನಲ್ಲಿ ನೀರು ಡಿಸೆಂಬರಿನ ಬೆಳಗ್ಗೆ ಆ ಶಾಖದ ಹತ್ತಿರ ಬಂದರೂ ಏಪ್ರಿಲಿನಲ್ಲಿ ಬಾರದು. ಶಾಖ ಏರಿದಷ್ಟೂ ಕೆಲಸ ಬೇಗ. 24 ಡಿಗ್ರಿಗೆ ಸುಮಾರು 8 ನಿಮಿಷ ಸಾಕು. ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದರೆ ಚಿತ್ರ ಒಂದೇ ಸಮನಾಗಿ ಬರುವ ಭರವಸೆ ಇರುವುದಿಲ್ಲ. ಹಾಗಾಗಿ ಕರಾವಳಿಯಂಥ ಸೆಕೆಯ ಊರಿನವರು ಡೆವಲಪರಿಗೆ ಹೆಚ್ಚು ನೀರು ಬೆರೆಸುತ್ತಾರೆ ಇಲ್ಲವೇ ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿಡುತ್ತಾರೆ.

ವಿದ್ಯಾರ್ಥಿ 300 ಮಿಲಿ ದ್ರಾವಣ ಸುರಿದು ಟ್ಯಾಂಕನ್ನು ಬೋರಲು ಮಾಡಿ ಎತ್ತಿದ, ಗಾಳಿಗುಳ್ಳೆ ಬಿಡಲೆಂದು ಕಟ್ಟೆಗೆ ಮೆಲ್ಲನೆ ಕುಟ್ಟಿದ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಅದೇ ಆವರ್ತನೆ. ಆಮೇಲೆ ವಿನಿಗರ್ ಬೆರೆಸಿದ ನೀರು, ನಂತರ ಹೈಪೋ, ಕೊನೆಗೆ ತೊಳೆಯುವುದು. ಬೋರ್‌ವೆಲ್ ನೀರಿನ ಸುಣ್ಣ ಒಣಗಿದ ಫಿಲ್ಮಿನ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಅದಕ್ಕಾಗಿ ಕೊನೆಯ ಜಾಲಾಟ ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ. ಮುಚ್ಚಳ ತೆಗೆದು ಮೊದಲ ಚೌಕಗಳನ್ನು ಬೆಳಕಿಗೆ ಹಿಡಿದಾಗ ಅಲ್ಲಿದ್ದವರೆಲ್ಲ ಕತ್ತು ಚಾಚಿದರು.

ಅದೇ ಕಟ್ಟೆಯ ಮೂಲೆಯಲ್ಲಿ ದಂತವೈದ್ಯರು ಕಾಫಿ ಪುಡಿ ತೂಗುತ್ತಿದ್ದರು. ಅದು ಕುಡಿಯಲಿಕ್ಕಲ್ಲ, ಫಿಲ್ಮು ತೊಳೆಯಲಿಕ್ಕೆ. ಕೆಫೆನಾಲ್ ಎಂಬ ಈ ಡೆವಲಪರ್ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತವರ ವಿದ್ಯಾರ್ಥಿಗಳು ನಡೆಸಿದ ಪ್ರಯೋಗದ ಫಲ. ಈಗ ಹೆಚ್ಚಾಗಿ ಬಳಸುವ ಸೂತ್ರದಲ್ಲಿ ಲೀಟರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ ಪುಡಿ. 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಪಾಲು ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬೇರೆಯಾಗುವುದರಿಂದ ವೈದ್ಯರು ಅಪ್ಪಟ ಕಾಫಿಯನ್ನೇ ಆರಿಸುತ್ತಾರೆ. ಘಾಟು ಜೋರು. ಆದರೆ ಒಣಗಿದ ನೆಗೆಟಿವ್ ನೋಡಿದರೆ ನೆರಳಿನ ಭಾಗದಲ್ಲೂ ವಿವರ ತುಂಬಿಕೊಂಡಿತ್ತು. ಕಾಫಿ ಬೆಳೆಯುವ ನಾಡಿನಲ್ಲಿ ಡೆವಲಪರ್ ಇಷ್ಟು ಹತ್ತಿರದಲ್ಲೇ ಸಿಗುತ್ತದೆಂಬ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಮತ್ತೆ ಮೇಜಿಗೆ ಬಂದರೆ ಶಿಕ್ಷಕಿಯ ಪ್ರಿಂಟಿನ ಸುತ್ತ ಚರ್ಚೆ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮಲ್ಲಿಗೆ ಕಟ್ಟುತ್ತಿರುವ ಅಜ್ಜಿಯ ಚಿತ್ರ. ‘ಮೇಡಂ, ಅಜ್ಜಿಯ ಕೈಬೆರಳು ತುಂಬ ಚೆನ್ನಾಗಿ ಬಂದಿದೆ. ಆದರೆ ಹೂವು ಬರೀ ಬಿಳಿ ಕಾಗದ ಆಗಿಬಿಟ್ಟಿದೆ, ಎಸಳೇ ಕಾಣಲ್ಲ,’ ಎಂದ ಒಬ್ಬ ಹುಡುಗ. ಯಜಮಾನರು ನೆಗೆಟಿವ್ ಕೇಳಿ ಪಡೆದು ಲೈಟ್ ಪ್ಯಾನೆಲ್ ಮೇಲಿಟ್ಟು ಭೂತಗನ್ನಡಿ ಹಿಡಿದರು. ಹೂವಿನ ಜಾಗ ದಟ್ಟವಾಗಿ ಕಪ್ಪಿತ್ತು, ಆ ಕಪ್ಪಿನೊಳಗೆ ಎಸಳಿನ ಗೆರೆಗಳಿದ್ದವು. ‘ಎಸಳು ಇಲ್ಲೇ ಇದೆಯಲ್ಲಮ್ಮ. ಕಾಗದಕ್ಕೆ ಇಳಿಸಬೇಕಷ್ಟೆ, ಬನ್ನಿ,’ ಎಂದು ಎದ್ದರು.

ಹತ್ತು ಹೆಜ್ಜೆ ದೂರದಲ್ಲಿ ಬಚ್ಚಲುಮನೆ. ಕಿಟಕಿಗೆ ಕಪ್ಪು ರಟ್ಟು, ಬಾಗಿಲ ಸಂದಿಗೆ ಕಂಬಳಿ. ಹಳೆಯ ಹೊಲಿಗೆ ಯಂತ್ರದ ಸ್ಟ್ಯಾಂಡಿನ ಮೇಲೆ ಎನ್‌ಲಾರ್ಜರ್, ನೆಲದ ಮೇಲೆ ಮೂರು ಟ್ರೇ. ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ತಾಗದ ಕಾರಣ ಇಲ್ಲಿ ಕೆಂಪು ದೀಪ ಉರಿಯಬಹುದು. ಮೊದಲಿನಂತೆ 12 ಸೆಕೆಂಡು ಇಡೀ ಕಾಗದಕ್ಕೆ ಬೆಳಕು ಕೊಟ್ಟರು. ಆಮೇಲೆ ತೂತು ಮಾಡಿದ ರಟ್ಟನ್ನು ಲೆನ್ಸಿನ ಕೆಳಗೆ ಹಿಡಿದು, ಹೂವಿನ ರಾಶಿಗೆ ಮಾತ್ರ ಇನ್ನೂ 10 ಸೆಕೆಂಡು. ರಟ್ಟು ಒಂದೇ ಕಡೆ ನಿಂತರೆ ತೂತಿನ ಅಂಚು ಚಿತ್ರದಲ್ಲಿ ಮೂಡುತ್ತದೆ. ಅದಕ್ಕೆ ಶಿಕ್ಷಕಿ ಕೈಯನ್ನು ಸಣ್ಣಗೆ ಆಡಿಸುತ್ತಲೇ ಇದ್ದರು. ಕಾಗದ ಮೊದಲ ಟ್ರೇಗೆ ಜಾರಿತು. ಕೆಲವು ಸೆಕೆಂಡಿನಲ್ಲಿ ಅಜ್ಜಿಯ ಸೀರೆಯ ಅಂಚು, ಆಮೇಲೆ ಕೆನ್ನೆ, ಬೆರಳು, ಎಲ್ಲಕ್ಕಿಂತ ಕೊನೆಗೆ ಮಲ್ಲಿಗೆ. ಒಂದು ನಿಮಿಷ ತುಂಬಿದಾಗ ಮೊಗ್ಗುಗಳ ನಡುವೆ ತೆಳು ಬೂದು ನೆರಳು ನಿಂತು, ಹೂವು ದುಂಡಗಾಗಿತ್ತು. ಹೈಪೋದಿಂದ ತೆಗೆದು ತೊಳೆದು ಹೊರಗೆ ತಂದು ಎರಡೂ ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟರು. ಹೊಸದರ ಬೆನ್ನಿಗೆ ಒಂದು ಸಾಲು ಸೇರಿತು: ‘ಹೂವಿಗೆ ಹೆಚ್ಚುವರಿ 10 ಸೆಕೆಂಡು.’

ಈ ಮನೆಯ ಹೆಚ್ಚುಗಾರಿಕೆ ನನಗೆ ಕಂಡದ್ದು ಇಲ್ಲೇ. ಮೇಜಿನ ಬಳಿಯೇ ಮುಗಿದಿದ್ದರೆ ಆ ಹುಡುಗನ ಮಾತು ಬರಿಯ ಅಭಿಪ್ರಾಯವಾಗಿ ಉಳಿಯುತ್ತಿತ್ತು. ಬಚ್ಚಲುಮನೆ ಹತ್ತಿರವಿದ್ದುದರಿಂದ ಅದು ಪರೀಕ್ಷೆಗೆ ಒಳಗಾಯಿತು, ನಿಜವೆಂದು ಗೊತ್ತಾಯಿತು, ಮುಂದಿನವರ ಉಪಯೋಗಕ್ಕೆ ಲೆಕ್ಕವಾಗಿಯೂ ದಾಖಲಾಯಿತು. ಚಿತ್ರ ಹಂಚಿಕೊಳ್ಳುವುದೆಂದರೆ ಅದನ್ನು ಮಾಡುವ ಬಗೆಯನ್ನೂ ಹಂಚಿಕೊಳ್ಳುವುದು ಎಂದು ಇವರು ನಂಬಿದ್ದಾರೆ. ನಾನೂ ಅದನ್ನು ಒಪ್ಪುತ್ತೇನೆ.

ಬೆಂಗಳೂರಿಗೆ ಇದು ಹೊಸದಲ್ಲ. ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು 1953ರಲ್ಲಿ ಕಟ್ಟಿದ ಡಾ. ಜಿ. ಥಾಮಸ್ ಈ ಊರಿನವರು. ಓ.ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರಾದರು, ತಾವು ಕಲಿತದ್ದನ್ನು ಎಷ್ಟೋ ಕಿರಿಯರಿಗೆ ದಾಟಿಸಿದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜಕೀಯದ ನಡುವೆಯೂ ಕಾಡಿನ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದರು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂದಿಗೂ ಹವ್ಯಾಸಿಗಳನ್ನು ಒಂದೆಡೆ ಸೇರಿಸುತ್ತಿದೆ. ಆ ತಲೆಮಾರಿನವರಿಗೆ ಫಿಲ್ಮು ಪಕ್ಕದ ನೀಲಗಿರಿಯಲ್ಲೇ ತಯಾರಾಗುತ್ತಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಉತ್ಪಾದನೆ ನಡೆಸಿತು. ಅದರ ‘ಇಂದು’ ಫಿಲ್ಮು ಊರೂರಿನ ಸ್ಟುಡಿಯೋಗಳಲ್ಲಿ ಇತ್ತು. ಕಾರ್ಖಾನೆ ಮುಚ್ಚಿದ ಮೇಲೆ ಹೊರದೇಶದ ಫಿಲ್ಮೇ ಗತಿ. ಬೆಲೆ ಏರುತ್ತಲೇ ಇರುವುದರಿಂದ ಈ ಗುಂಪಿನವರು 100 ಅಡಿಯ ಸುರುಳಿಯನ್ನು ಕೂಡಿ ಕೊಳ್ಳುತ್ತಾರೆ. ಬಲ್ಕ್ ಲೋಡರಿನಿಂದ ಹಳೆಯ ಡಬ್ಬಿಗಳಿಗೆ ಸುತ್ತಿದರೆ 36 ಚಿತ್ರದ ಹದಿನೆಂಟು ರೀಲು ಆಗುತ್ತವೆ.

ಹಿತ್ತಲಲ್ಲಿ ನೀಲಿ ಕ್ಯಾನೊಂದಕ್ಕೆ ‘ಬಳಸಿದ ಹೈಪೋ, ಮೋರಿಗೆ ಹಾಕಬೇಡಿ’ ಎಂಬ ಚೀಟಿ ಅಂಟಿಸಿದೆ. ಫಿಲ್ಮಿನಿಂದ ಕರಗಿದ ಬೆಳ್ಳಿ ಅದರಲ್ಲಿರುತ್ತದೆ, ನೀರಿಗೆ ಸೇರಿದರೆ ಜಲಚರಗಳಿಗೆ ವಿಷ. ಕ್ಯಾನ್ ತುಂಬಿದಾಗ ಉಕ್ಕಿನ ನಾರು ಹಾಕಿಡುತ್ತಾರೆ. ಕಬ್ಬಿಣ ಕರಗಿ, ಬೆಳ್ಳಿ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಎಕ್ಸ್‌ರೇ ಲ್ಯಾಬುಗಳ ಹೈಪೋ ಕೊಂಡು ಬೆಳ್ಳಿ ತೆಗೆಯುತ್ತಿದ್ದ ವ್ಯಾಪಾರದ ಮೂಲವೂ ಇದೇ. ಮನೆಯಲ್ಲಿ ಫಿಲ್ಮು ತೊಳೆಯುವ ಪ್ರತಿಯೊಬ್ಬರಿಗೂ ಈ ಎಚ್ಚರ ಇರಲೇಬೇಕು.

ಕಲಿಯಬೇಕೆನ್ನುವವರಿಗೆ ಬೇಕಾದದ್ದು ಕಡಿಮೆ: ಟ್ಯಾಂಕು, ಚೀಲ, ಥರ್ಮಾಮೀಟರ್, ಮೂರು ಬಾಟಲಿ, ಗಡಿಯಾರ. ಎನ್‌ಲಾರ್ಜರ್ ಇಲ್ಲದವರು ನೆಗೆಟಿವನ್ನು ಲೈಟ್ ಪ್ಯಾನೆಲ್ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ತೆಗೆದುಕೊಳ್ಳಬಹುದು. ಒಂದು ಫಿಲ್ಮು, ಒಂದು ಡೆವಲಪರನ್ನು ಹಿಡಿದು ವರ್ಷವಿಡೀ ಅದರಲ್ಲೇ ದುಡಿಯಿರಿ, ಪ್ರತಿ ರೀಲಿನ ಲೆಕ್ಕ ಬರೆದಿಡಿ ಎಂದು ಯಜಮಾನರು ಹೊಸಬರಿಗೆ ಹೇಳುತ್ತಾರೆ. ನನ್ನ ಕಡೆಯಿಂದ ಇನ್ನೊಂದು ಮಾತು ಸೇರಿಸುತ್ತೇನೆ. ನಮ್ಮ ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೋಗಳಲ್ಲಿ, ಅಟ್ಟಗಳ ಮೇಲೆ, ಎಷ್ಟೋ ಎನ್‌ಲಾರ್ಜರುಗಳು, ಟ್ರೇಗಳು ದೂಳು ಹಿಡಿದು ಕೂತಿವೆ. ಅವುಗಳನ್ನು ಬಳಸಿದ ಕೈಗಳೂ ಇನ್ನೂ ನಮ್ಮ ನಡುವೆ ಇವೆ. ಗುಜರಿಗೆ ಹಾಕುವ ಮೊದಲು ಊರಿನ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಕರೆದು ಅವನ್ನು ಒಪ್ಪಿಸಿ, ಒಂದು ಪ್ರಿಂಟು ಹಾಕಿ ತೋರಿಸಿ. ಯಂತ್ರವನ್ನು ಎಲ್ಲಿಂದಲಾದರೂ ತರಿಸಬಹುದು. ರಟ್ಟನ್ನು ಹೇಗೆ ಆಡಿಸಬೇಕೆಂಬುದನ್ನು ಪಕ್ಕದಲ್ಲಿ ನಿಂತೇ ಕಲಿಸಬೇಕು.